ಡಬ್ಬಿ ಸವಣೂರಿನಲ್ಲಿ, ಕೇಬಲ್ ಹಾನಗಲ್ಲಿನಲ್ಲಿ

ಗಾಡಿ ಹಿಂದಕ್ಕೆ ಉರುಳಿದ್ದು ಹದಿನಾಲ್ಕು ಹೆಜ್ಜೆ. ಆ ದಿನ ಅದನ್ನು ಅಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡು ದಿನ ಬಿಟ್ಟು ಒಬ್ಬನೇ ನಡೆದುಹೋಗಿ, ಎಂಜಿನ್ ನಿಂತ ಜಾಗದಿಂದ ಹಿಂದಿನ ಬಲಗಾಲಿ ಕಲ್ಲಿಗೆ ತಾಗಿದ ಜಾಗದವರೆಗೆ ಹೆಜ್ಜೆ ಹಾಕಿ ಎಣಿಸಿದೆ. ಕಲ್ಲಿನ ಆಚೆ ಇಳಿಜಾರು. ಅದರ ಕೆಳಗೆ ಕೆರೆಯ ನೀರು.

ಹಿರೇಕೆರೂರಿನಿಂದ ಚಿಕ್ಕೇರೂರಿನ ಕಡೆಗೆ ಹೋಗುವ ಒಳರಸ್ತೆಯಲ್ಲಿ, ಕೆರೆಯ ಏರಿಗೆ ಹತ್ತುವ ತಿರುವು ಅದು. ಬೆಳಗಿನ ಏಳೂ ಕಾಲು. ಗಾಡಿಯಲ್ಲಿ ಹನ್ನೊಂದು ಜನ ಹೆಣ್ಣುಮಕ್ಕಳಿದ್ದರು. ಅವರು ಬೀಜದ ಹತ್ತಿಯ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುವವರು. ಸಂಜೆ ಮೊಗ್ಗು ಬಿಡಿಸಿ, ಒಳಗಿನ ಗಂಡು ಕೇಸರ ತೆಗೆದು, ಗುರುತಿಗೆ ಕೆಂಪು ಕಾಗದದ ಟೊಪ್ಪಿಗೆ ಹಾಕಿ ಬರುತ್ತಾರೆ. ಮರುದಿನ ಬಿಸಿಲು ಬಲಿಯುವುದರೊಳಗೆ ಅದೇ ಹೂವಿಗೆ ಬೇರೆ ಗಿಡದ ಗಂಡು ಹೂವಿನ ಪುಡಿ ಸವರಬೇಕು. ಹೊತ್ತು ಮೀರಿದರೆ ಕಾಯಿ ಕಟ್ಟುವುದಿಲ್ಲ, ಹಿಂದಿನ ಸಂಜೆಯ ಕೆಲಸ ಮಣ್ಣು ಸೇರುತ್ತದೆ. ಅವರನ್ನು ಹೊತ್ತಿಗೆ ಸರಿಯಾಗಿ ಹೊಲ ಮುಟ್ಟಿಸುವುದು ನನ್ನ ಕೆಲಸವಾಗಿತ್ತು.

ಎಂಜಿನ್ ನಿಂತಿತು, ಅಷ್ಟೆ. ಕೆಮ್ಮಲಿಲ್ಲ, ಜಗ್ಗಲಿಲ್ಲ, ಹೊಗೆ ಉಗುಳಲಿಲ್ಲ. ಯಾರೋ ರೇಡಿಯೋ ಆರಿಸಿದಂತೆ ನಿಂತಿತು. ಬ್ರೇಕ್ ತುಳಿದೆ, ಹಿಡಿಯಿತು. ಇನ್ನೂ ಗಟ್ಟಿಯಾಗಿ ತುಳಿಯಲೆಂದು ಕಾಲೆತ್ತಿದೆ. ಅದು ನನ್ನ ತಪ್ಪು. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಬಲ ಉಳಿಯುವುದು ಒಂದೆರಡು ಸಲಕ್ಕೆ ಮಾತ್ರ. ಮತ್ತೆ ತುಳಿದಾಗ ಪೆಡಲ್ ಬಂಡೆಯಂತಾಗಿತ್ತು. ಹ್ಯಾಂಡ್‌ಬ್ರೇಕ್ ಎಳೆದೆ, ಅದು ತಡವಾಗಿ ಹಿಡಿಯಿತು. ಹಿಂದೆ ಯಾರೂ ಕೂಗಲಿಲ್ಲ ಎಂಬುದು ಚೆನ್ನಾಗಿ ನೆನಪಿದೆ. ಗಾಲಿ ಕಲ್ಲಿಗೆ ತಾಗಿ ಗಾಡಿ ನಿಂತ ಮೇಲೆಯೇ ಒಬ್ಬಳು ಅಳತೊಡಗಿದಳು. ಯಾರಿಗೂ ಪೆಟ್ಟಾಗಲಿಲ್ಲ. ಇಬ್ಬರ ಬಳೆ ಒಡೆದಿದ್ದವು.

ಅವರೆಲ್ಲ ಇಳಿದು ದೂರ ಹೋಗಿ ನಿಂತರು. ನಮ್ಮ ಕಡೆ ಗಾಡಿ ಓಡಿಸುವವರಿಗೆಲ್ಲ ಗೊತ್ತಿರುವ ಒಂದು ಉಪಾಯವಿದೆ: ಕಂಪ್ಯೂಟರ್ ಇರುವ ಎಂಜಿನ್ ಹಟ ಹಿಡಿದರೆ ಬ್ಯಾಟರಿಯ ಒಂದು ವಾಯರ್ ಬಿಚ್ಚಿ, ನೂರು ಎಣಿಸಿ, ಮತ್ತೆ ಹಾಕುವುದು. ನಾನು ಅದನ್ನೇ ಮಾಡಿದೆ. ಕೀಲಿ ತಿರುಗಿಸಿದೆ. ಏನೂ ಆಗಿಲ್ಲವೆಂಬಂತೆ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ನಿಂತಾಗ ಆದದ್ದಕ್ಕಿಂತ ಹೆಚ್ಚು ಹೆದರಿಕೆ ಆಗ ಆಯಿತು.

ಹಿರೇಕೆರೂರಿನ ನಮ್ಮ ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬದಲಾಯಿಸಿ, ಹ್ಯಾಂಡ್‌ಬ್ರೇಕ್ ಬಿಗಿ ಮಾಡಿ, ಇನ್ನು ಚಿಂತೆಯಿಲ್ಲ ಒಯ್ಯಿರಿ ಎಂದ. ಮರುದಿನ ಬೆಳಿಗ್ಗೆ ನೀರಿನ ಟಾಕಿಯ ಹತ್ತಿರ ಗಾಡಿ ನಿಲ್ಲಿಸಿದೆ. ಹೆಣ್ಣುಮಕ್ಕಳು ಬುತ್ತಿಯ ಚೀಲ ಹಿಡಿದು ನಿಂತಿದ್ದರು, ಯಾರೂ ಬಾಗಿಲಿಗೆ ಕೈ ಹಾಕಲಿಲ್ಲ. ಅವರ ಗುಂಪನ್ನು ಕಟ್ಟಿಕೊಂಡು ಹೋಗುವ ಹಿರಿಯಾಕೆ ನನ್ನ ಕಿಟಕಿಯ ಹತ್ತಿರ ಬಂದಳು. ಐವತ್ತು ದಾಟಿದ ಹೆಂಗಸು. ನಾನು ಯಕ್ಕಾ ಎನ್ನುತ್ತೇನೆ.

"ಯಾಕ ನಿಂತಿತ್ತು ಗಾಡಿ?"

"ಫಿಲ್ಟರ್ ಕಟ್ಟಿತ್ತ ಯಕ್ಕಾ. ಹೊಸಾದು ಹಾಕ್ಸೇನಿ."

"ಕಟ್ಟಿದ್ದು ನೀ ನೋಡಿದ್ಯಾ?"

"ಮೆಕ್ಯಾನಿಕ್ ಹೇಳಿದ."

"ಅವೇನ್ ನಮ್ಮ ಜೋಡಿ ಕುಂದರ್ತಾನ? ಕುಂದರಾರು ನಾವು." ಅವಳ ದನಿ ಏರಲಿಲ್ಲ. "ಯಾಕ ನಿಂತಿತ್ತು ಅನ್ನೂದು ನಿನಗ ಗೊತ್ತಾದ ದಿನ ಹೇಳಣ್ಣಾ. ಅವತ್ತ ಹತ್ತತೇವಿ. ಅಲ್ಲೀತನಾ ನಮಗ ಕಾಲ ಅದಾವು."

"ಕಾಲಿಗೆ ಫಿಲ್ಟರ್ ಹಾಕ್ಸೂದು ಬ್ಯಾಡ ನೋಡ್ರಿ," ಎಂದಳು ಹಿಂದಿನಿಂದ ಒಬ್ಬ ಹುಡುಗಿ. ಎಲ್ಲರೂ ನಕ್ಕರು. ನಗುತ್ತಲೇ ನಡೆದು ಹೋದರು.

ಹೊಲ ಅಲ್ಲಿಂದ ಆರೂವರೆ ಕಿಲೋಮೀಟರ್. ಅವರು ಮುಟ್ಟುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು. ದಿನಕ್ಕೆ ಎರಡು ಮೂರು ಸಾಲು ಹೂವು ಹಾಗೇ ಉಳಿಯುತ್ತಿದ್ದವು. ಒಂದು ದಿನ ಅವರೆಲ್ಲ ಒಂದು ಗೂಡ್ಸ್ ಆಟೋದಲ್ಲಿ, ಸಾಮಾನು ಹೇರುವ ಜಾಗದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತು ಹೋಗುವುದನ್ನು ಕಂಡೆ. ಬೇರೆ ಗುಂಪಿನವರನ್ನು ಕರೆದುಕೊಂಡು ಹೋಗೆಂದು ಸಲಹೆ ಕೊಟ್ಟವರಿದ್ದರು. ಆದರೆ ಯಕ್ಕ ಕೇಳಿದ ಪ್ರಶ್ನೆಗೆ ಉತ್ತರ ನನಗೂ ಬೇಕಾಗಿತ್ತು. ಉತ್ತರವಿಲ್ಲದೆ ಇನ್ನೊಮ್ಮೆ ಆ ತಿರುವಿನಲ್ಲಿ ಜನರನ್ನು ಕೂರಿಸಿಕೊಂಡು ಹೋಗಲು ನನ್ನಿಂದ ಆಗುತ್ತಿರಲಿಲ್ಲ.

"ಸ್ಕ್ಯಾನರ್ ಹಚ್ಚಿದ್ರ ಹೇಳ್ತತ್ರಿ," ಎಂದ ನಮ್ಮ ಮೆಕ್ಯಾನಿಕ್. ಅವನ ಹತ್ತಿರ ಹೆಬ್ಬೆರಳಿನಷ್ಟು ಉದ್ದದ ಒಂದು ಸಾಧನವಿತ್ತು. ಗಾಡಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಎಂಜಿನ್ನಿನ ದೋಷ ತೋರಿಸುವಂಥದ್ದು. ಅದು ಚಪ್ಪಟೆ, ನನ್ನ ಗಾಡಿಯ ಸಾಕೆಟ್ ದುಂಡಗೆ. ಎಂಜಿನ್ನಿಗೆ ಕಂಪ್ಯೂಟರ್ ಬಂದಿತ್ತು, ಆದರೆ ಎಲ್ಲ ಗಾಡಿಗೂ ಒಂದೇ ಬಗೆಯ ಸಾಕೆಟ್ ಎಂಬ ನಿಯಮ ಇನ್ನೂ ಬಂದಿರಲಿಲ್ಲ. ನಡುವಿನ ಆ ಕೆಲವೇ ವರ್ಷಗಳಲ್ಲಿ ತಯಾರಾದ ಗಾಡಿ ನನ್ನದು. ಕಂಪನಿಯ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಅಷ್ಟು ಹಳೆಯದಕ್ಕೆ ಸ್ಕ್ಯಾನರ್ ಈಗ ಇಟ್ಟಿಲ್ಲ, ಗಾಡಿ ಬಿಟ್ಟುಹೋದರೆ ಒಂದೊಂದೇ ಭಾಗ ಬದಲಾಯಿಸಿ ನೋಡುತ್ತೇವೆ ಎಂದರು. ನೋಡಿದ ಮೇಲೂ ಕಾರಣ ಗೊತ್ತಾಗದಿದ್ದರೆ ಎಂದು ಕೇಳಿದೆ. ಆ ಕಡೆಯವನು ಪ್ರಾಮಾಣಿಕ, ಹಾಗೂ ಆಗಬಹುದು ಎಂದ.

ಸ್ಟೇರಿಂಗಿನ ಕೆಳಗೆ ಮಲಗಿ ಸಾಕೆಟ್ಟಿನ ಫೋಟೋ ತೆಗೆದುಕೊಂಡೆ. ಆರು ಪಿನ್, ನಡುವೆ ಒಂದು ಗೀರು. ಗಾಡಿ ಮನೆಯಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಹೊರಟೆ. ತಪ್ಪಿಸಿಕೊಂಡವರ ಫೋಟೋ ತೋರಿಸುತ್ತ ತಿರುಗುವ ಮನುಷ್ಯನಂತೆ ಗ್ಯಾರೇಜಿನಿಂದ ಗ್ಯಾರೇಜಿಗೆ ಆ ಫೋಟೋ ತೋರಿಸಿದೆ. ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕದ ಒಂದು ದೊಡ್ಡ ಗ್ಯಾರೇಜಿನಲ್ಲಿ ಮಾಲೀಕ ತನ್ನ ಟ್ಯಾಬ್ ತೆಗೆದು, ಗಾಡಿಗಳ ಪಟ್ಟಿಯನ್ನು ತಾಳ್ಮೆಯಿಂದ ಕೆಳಗಿನವರೆಗೂ ಸರಿಸಿದ.

"ನಿಮ್ಮ ಗಾಡಿ ಇದರಾಗ ಇನ್ನಾ ಹುಟ್ಟೇ ಇಲ್ಲ ನೋಡ್ರಿ ಕಾಕಾ," ಎಂದು ನಕ್ಕು, ಫೋಟೋವನ್ನು ಮತ್ತೊಮ್ಮೆ ನೋಡಿದ. "ಸವಣೂರಿಗೆ ಹೋಗ್ರಿ. ಅಲ್ಲೊಬ್ಬ ಗಾಡಿ ಲೈಟಿನ ಕೆಲಸಾ ಮಾಡೂ ಉಸ್ತಾದ ಅದಾನ. ಅವನ ಕಡೆ ಹಳೇ ಡಬ್ಬಿ ಒಂದ್ ನೋಡಿದ್ದೆ."

ಅವತ್ತೇ ಸವಣೂರಿಗೆ ಹೋದೆ. ದೊಡ್ಡ ಹುಣಸೆ ಮರಗಳ ಕಡೆಗೆ ಹೋಗುವ ರಸ್ತೆಯಲ್ಲಿ ಉಸ್ತಾದನ ಅಂಗಡಿ. ಬಿಳಿ ಗಡ್ಡದ, ಸಣ್ಣ ಮೈಯ ಮನುಷ್ಯ. ಫೋಟೋ ನೋಡಿದವನೇ ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದ. ಕಬ್ಬಿಣದ ಕಪಾಟು ತೆಗೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. ಇಟ್ಟಿಗೆಯ ಗಾತ್ರ. ಸಣ್ಣ ಪರದೆ, ಕೆಳಗೆ ಹನ್ನೆರಡು ಗುಂಡಿಗಳು.

"ಇದ ನೋಡ್ರಿ ಭಾಯ್. ನಿಮ್ಮ ಗಾಡಿ ಜೋಡಿ ಮಾತಾಡೂ ಡಬ್ಬಿ."

ಕುಂತಲ್ಲಿಯೇ ಕೈ ಮುಗಿಯಬೇಕೆನ್ನಿಸಿತು. ಡಬ್ಬಿಯ ಹಿಂದೆ ತಂತಿ ಸಿಕ್ಕಿಸುವ ಜಾಗ ಖಾಲಿಯಿತ್ತು.

"ಕೇಬಲ್ಲು?"

"ಕೇಬಲ್ ಹಾನಗಲ್ಲಾಗ ಐತಿ," ಎಂದು ಉಸ್ತಾದ ಚಹಾ ತರಿಸಿದ. ಜೊತೆಗೆ ತಟ್ಟೆಯಲ್ಲಿ ಖಾರದ ಕುರುಕಲು ಬಂತು. ನಾನು ತಿನ್ನುವವರೆಗೂ ಅವನು ಮುಂದಿನ ಮಾತು ಹೇಳಲಿಲ್ಲ.

ಅವನೂ ಹಾನಗಲ್ಲಿನ ಒಬ್ಬ ಮೇಸ್ತ್ರಿಯೂ ಹುಬ್ಬಳ್ಳಿಯ ಒಂದೇ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷ ಜೊತೆಗೆ ದುಡಿದವರು. ವರ್ಕ್‌ಶಾಪ್ ಮುಚ್ಚಿದಾಗ ಈ ಸ್ಕ್ಯಾನರನ್ನು ಇಬ್ಬರೂ ಸೇರಿ ಇಟ್ಟುಕೊಳ್ಳಿರೆಂದು ಮ್ಯಾನೇಜರ್ ಕೊಟ್ಟುಬಿಟ್ಟ. ಒಬ್ಬನ ಮನೆಯಲ್ಲಿಟ್ಟರೆ ಇನ್ನೊಬ್ಬನಿಗೆ ಸಂಶಯ. ಅದಕ್ಕೆ ಡಬ್ಬಿ ಉಸ್ತಾದನ ಪಾಲಿಗೆ, ಕೇಬಲ್ ಮೇಸ್ತ್ರಿಯ ಪಾಲಿಗೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯಬಾರದು ಎಂಬುದೇ ಲೆಕ್ಕ.

"ಮೊದಮೊದಲ ತಿಂಗಳಿಗೆ ನಾಕ್ ಸಲ ಕೂಡ್ತಿದ್ವಿ. ಬರ್ತಾ ಬರ್ತಾ ಇಂಥಾ ಗಾಡಿ ಕಡಿಮಿ ಆದು. ಆಮ್ಯಾಲ ನನ್ನ ಮಗಳ ಶಾದಿಗೆ ಅವ ಬರಲಿಲ್ಲ. ನಾಕ್ ವರ್ಸ ಆತು, ಮಾತಿಲ್ಲ ಕತಿಯಿಲ್ಲ."

"ನಂಬರ್ ಐತೇನ್ರಿ ಅವರ್ದು?"

"ಐತಿ. ನೀವ ಹಚ್ರಿ. ನನ್ನ ಹೆಸರ ಹೇಳಬ್ಯಾಡ್ರಿ."

ಅವನ ಎದುರಿಗೇ ನನ್ನ ಮೊಬೈಲಿನಿಂದ ಹಚ್ಚಿದೆ. ನನ್ನದು ಜೋರಾಗಿ ಕೇಳುವ ಫೋನು. ವಿಷಯ ಹೇಳಿದೆ. ಆ ಕಡೆಯಿಂದ ಒರಟು ದನಿ ಬಂತು.

"ಕೇಬಲ್ ಏನೋ ಐತ್ರಿ. ಬರೇ ಕೇಬಲ್ ತಗೊಂಡ್ ಎಮ್ಮಿ ಕಟ್ಟಾವ್ರೇನ್ರಿ? ಡಬ್ಬಿ ಸವಣೂರಾಗ ಒಬ್ಬನ ಕಡೆ ಐತಿ. ಅವನ್ನ ಕೇಳ್ರಿ. ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ."

ಉಸ್ತಾದ ತಟ್ಟೆಯ ಕಡೆ ನೋಡುತ್ತ ಕುಳಿತಿದ್ದ. ಅವನ ಭುಜ ಅಲುಗಾಡುತ್ತಿತ್ತು. ನಗುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹಾನಗಲ್ಲಿನಲ್ಲಿ ಕೂಡಲು ಹೇಗೋ ಇಬ್ಬರನ್ನೂ ಒಪ್ಪಿಸಿದೆ. ಸೋಮವಾರ ಬೆಳಿಗ್ಗೆ ಖಾಲಿ ಗಾಡಿ ತೆಗೆದುಕೊಂಡು, ಏರಿಯ ದಾರಿ ಬಿಟ್ಟು ಸಪಾಟು ರಸ್ತೆಯಲ್ಲಿ ಸುತ್ತು ಹಾಕಿ ಹಾನಗಲ್ಲಿಗೆ ಹೋದೆ. ಮೇಸ್ತ್ರಿಯ ತಗಡಿನ ಶೆಡ್ಡಿನ ಎದುರು ಉಸ್ತಾದ ಆಗಲೇ ಬಂದಿದ್ದ, ಆದರೆ ರಸ್ತೆಯ ಈಚೆ ಬದಿಯಲ್ಲಿ ನಿಂತಿದ್ದ. ನಾನು ಬಂದ ಮೇಲೆ ನನ್ನ ಜೊತೆ ದಾಟಿದ. ಮೇಸ್ತ್ರಿ ಎತ್ತರದ ಆಳು, ಕಿವಿ ಸ್ವಲ್ಪ ಮಂದ. ಇಬ್ಬರೂ ನಮಸ್ಕಾರ ಹೇಳಿಕೊಳ್ಳಲಿಲ್ಲ.

"ಡಬ್ಬಿ ಒರಸಿ ಇಟ್ಟಾನಲ್ಲಪಾ," ಎಂದ ಮೇಸ್ತ್ರಿ, ನನ್ನನ್ನು ನೋಡಿ.

"ಕೇಬಲ್ ಇಲಿ ತಿಂದಿಲ್ಲಂತ ಕೇಳ್ರಿ ಭಾಯ್," ಎಂದ ಉಸ್ತಾದ, ಅವನೂ ನನ್ನನ್ನೇ ನೋಡಿ.

ಕೇಬಲ್ ತಿಂದಿರಲಿಲ್ಲ. ಒಂದು ತುದಿ ಡಬ್ಬಿಗೆ, ದುಂಡನೆಯ ಇನ್ನೊಂದು ತುದಿ ಗಾಡಿಗೆ. ನಾನು ಕೀಲಿ ತಿರುಗಿಸಿದೆ. ಪರದೆ ಹಸಿರಾಯಿತು, ಅಕ್ಷರಗಳು ಬಂದವು. ಇಷ್ಟು ದಿನ ಮಾತಾಡದ ಗಾಡಿ ಮಾತಾಡತೊಡಗಿತ್ತು. ಉಸ್ತಾದ ಗುಂಡಿಗಳನ್ನೊತ್ತಿದ, ಕಾದ, ಮತ್ತೆ ಒತ್ತಿದ.

"ಏನೂ ದೋಷಿಲ್ಲ ಅಂತೈತಿ," ಎಂದ.

ಯಕ್ಕನಿಗೆ ಏನು ಹೇಳಲಿ? ನಿಂತಿದ್ದೇ ಸುಳ್ಳೆಂದು ಹೇಳಲೆ?

ಮೇಸ್ತ್ರಿ ಬಾನೆಟ್ ಎತ್ತಿ ಒಳಗೆ ನೋಡುತ್ತಿದ್ದ. ಬ್ಯಾಟರಿಯ ಹತ್ತಿರ ಅವನ ಕೈ ನಿಂತಿತು. "ಈ ನಟ್ ಯಾಕ ಇಷ್ಟ್ ಥಳಥಳ ಹೊಳಿತೈತಿ? ಯಾವಾಗ ಬಿಚ್ಚಿದ್ರಿ ಇದನ್ನ?"

"ದಿನಾ ಸಂಜಿಕೆ ಬಿಚ್ತೇನ್ರಿ. ಮುಂಜಾನೆ ಹಾಕ್ತೇನಿ."

"ದಿನಾ?"

"ಅವತ್ತಿನಿಂದ ಹೆದರಿಕಿ ಆಗೇತ್ರಿ. ಎಲ್ಲಿ ಶಾರ್ಟ್ ಆಗಿ ಬೆಂಕಿ ಹತ್ತೀತೋ ಅಂತ."

ಇಬ್ಬರೂ ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಸ್ತಾದ ನಿಧಾನವಾಗಿ ಬಿಡಿಸಿ ಹೇಳಿದ. ಇಂಥ ಹಳೆಯ ಕಂಪ್ಯೂಟರಿನ ನೆನಪು ಬ್ಯಾಟರಿಯ ಜೀವದ ಮೇಲೆ ನಿಂತಿರುತ್ತದೆ. ಎಂಜಿನ್ ಯಾಕೆ ನಿಂತಿತೆಂಬುದನ್ನು ಅದು ಆ ಕ್ಷಣದಲ್ಲೇ ಬರೆದಿಟ್ಟುಕೊಂಡಿತ್ತು. ಏರಿಯ ಮೇಲೆ ನಾನು ವಾಯರ್ ಬಿಚ್ಚಿ ನೂರು ಎಣಿಸಿದೆನಲ್ಲ, ಆಗಲೇ ಅದು ಅಳಿಸಿಹೋಯಿತು. ಆಮೇಲೆ ಏನಾದರೂ ಬರೆದುಕೊಂಡಿದ್ದರೆ ಅದನ್ನೂ ದಿನಾ ಸಂಜೆ ಅಳಿಸುತ್ತ ಬಂದಿದ್ದೆ. ಕಾರಣ ಹುಡುಕುತ್ತ ಮೂರು ಊರು ತಿರುಗಿದವನು ನಾನೇ, ಅದನ್ನು ಒರೆಸಿ ಹಾಕಿದವನೂ ನಾನೇ.

"ಈಗೇನ್ ಮಾಡೂದ್ರಿ?"

"ಮತ್ತೊಮ್ಮೆ ನಿಲ್ಲಿಸೂದು," ಎಂದ ಉಸ್ತಾದ. "ಡಬ್ಬಿ ಹಚ್ಚಿಕೊಂಡ. ಎಲ್ಲಿ ನಿಂತಿತ್ತೋ ಅಲ್ಲೇ."

ನಾನು ಗಾಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಅದು ಮೇಸ್ತ್ರಿಗೆ ಕಂಡಿರಬೇಕು. ಬಂದು ಹೆಗಲ ಮೇಲೆ ಕೈಯಿಟ್ಟ. "ನಾ ಗಾಲಿ ಹಿಂದ ಇರ್ತೇನಿ ತಮ್ಮಾ. ಉರುಳಾಕ ಬಿಡೂದಿಲ್ಲ."

ಖಾಲಿ ಗಾಡಿ ನಿಲ್ಲಲಿಕ್ಕಿಲ್ಲ, ಅವತ್ತಿನಷ್ಟೇ ಭಾರ ಬೇಕು ಎಂದಾಯಿತು. ಹನ್ನೊಂದು ಹೆಣ್ಣುಮಕ್ಕಳ ತೂಕವೆಷ್ಟೆಂದು ಉಸ್ತಾದ ಕೇಳಿದ. "ಅದನ್ನ ಕೇಳಾಕ ಹೋಗಿ ನಾ ಹೊಡತಾ ತಿನ್ನೂದಿಲ್ರಿ," ಎಂದೆ. ಹಿರೇಕೆರೂರಿನ ಪರಿಚಯದ ವ್ಯಾಪಾರಿಯ ಗೋದಾಮಿನಿಂದ ಹನ್ನೊಂದು ಚೀಲ ಗೋವಿನಜೋಳ ಹೇರಿಕೊಂಡೆವು. ಮಧ್ಯಾಹ್ನ ಮೂರು ಗಂಟೆ. ಉಸ್ತಾದ ನನ್ನ ಪಕ್ಕದಲ್ಲಿ, ಮಡಿಲಲ್ಲಿ ಡಬ್ಬಿ. ಮೇಸ್ತ್ರಿ ಗಾಲಿಗೆ ಒಡ್ಡಲು ಬೇವಿನ ಕಟ್ಟಿಗೆಯ ತುಂಡು ಹಿಡಿದು ಬಲಬದಿಯಲ್ಲಿ ನಡೆದು ಬರುತ್ತಿದ್ದ.

ಮೊದಲ ಸಲ ಹತ್ತಿತು. ಇಳಿದು ಬಂದು ಮತ್ತೆ ಹತ್ತಿದೆವು. ನಾಲ್ಕು ಸಲ ಹತ್ತಿದರೂ ನಿಲ್ಲಲಿಲ್ಲ. ಗಾಡಿ ನಿಲ್ಲಲಿ ಎಂದು ಬೇಡಿಕೊಂಡದ್ದು ನನ್ನ ಜೀವನದಲ್ಲಿ ಅದೊಂದೇ ದಿನ. ಐದನೆಯ ಸಲ, ತಿರುವಿನ ನಡುವೆ, ಸದ್ದು ಹೋಯಿತು. ಅದೇ ಮೌನ. ಬ್ರೇಕ್ ತುಳಿದೆ. ಈ ಸಲ ಕಾಲೆತ್ತಲಿಲ್ಲ. ಹಿಂದೆ ಕಟ್ಟಿಗೆ ಗಾಲಿಗೆ ಬಿದ್ದ ಸದ್ದು ಕೇಳಿತು. ಗಾಡಿ ಒಂದು ಗೇಣು ಹಿಂದೆ ಹೋಗಿ ನಿಂತಿತು.

"ಸಿಕ್ಕಿತು! ಬಾರೋ ಇಲ್ಲಿ, ಸಿಕ್ಕಿತ ನೋಡೋ!" ಉಸ್ತಾದ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಕೂಗಿದ್ದು ನನಗಲ್ಲ, ಮೇಸ್ತ್ರಿಗೆ.

ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆಯೆಂದು ಎಣಿಸುವ ಒಂದು ಸಣ್ಣ ಸೆನ್ಸರ್ ಎಂಜಿನ್ನಿನ ಕೆಳಭಾಗದಲ್ಲಿರುತ್ತದೆ. ಅದರ ಎಣಿಕೆ ಇದ್ದಕ್ಕಿದ್ದಂತೆ ಸೊನ್ನೆಯಾಗಿತ್ತು. ಎಣಿಕೆ ಬಾರದಿದ್ದರೆ ಎಂಜಿನ್ ನಿಂತಿದೆ ಎಂದು ಕಂಪ್ಯೂಟರ್ ತಿಳಿದು ಡೀಸೆಲ್ ಬಂದ್ ಮಾಡುತ್ತದೆ. ಗಾಡಿಯನ್ನು ಏರಿಯ ಮೇಲಿನ ಸಪಾಟು ಜಾಗಕ್ಕೆ ತಂದು, ಮೇಸ್ತ್ರಿ ಕೆಳಗೆ ಮಲಗಿ ಆ ಸೆನ್ಸರಿನ ವಾಯರನ್ನು ಬೆರಳಿನಿಂದ ಗೇಣುಗೇಣಾಗಿ ಸವರುತ್ತ ಹೋದ. ಒಂದು ಕಬ್ಬಿಣದ ಪಟ್ಟಿಯ ಹಿಂದೆ ಬೆರಳು ನಿಂತಿತು. ಅಲ್ಲಿ ವಾಯರಿನ ಹೊದಿಕೆ ಉಜ್ಜಿ ಸವೆದು, ಜೋಳದ ಕಾಳಿನಷ್ಟು ತಾಮ್ರ ಹೊರಗೆ ಕಾಣುತ್ತಿತ್ತು. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ ಒಂದು ಕಡೆಗೆ ವಾಲುತ್ತದೆ, ಆಗ ಆ ತಾಮ್ರ ಪಟ್ಟಿಗೆ ತಾಗುತ್ತದೆ. ಹಾಗೆ ನಮಗೆ ಕಾರಣ ಸಿಕ್ಕಿತು.

ಹಾಳಾದ ತುಂಡನ್ನು ಕತ್ತರಿಸಿ ಹೊಸ ವಾಯರ್ ಕೂಡಿಸಿ, ಕೊಳವೆ ತೊಡಿಸಿ, ಪಟ್ಟಿಯಿಂದ ನಾಲ್ಕು ಬೆರಳು ದೂರ ಕಟ್ಟಿದರು. ಹೊತ್ತು ಇಳಿಯುವುದರೊಳಗೆ ಅದೇ ಭಾರದಲ್ಲಿ ಹನ್ನೆರಡು ಸಲ ಹತ್ತಿದೆವು, ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಅವರಿಬ್ಬರನ್ನೂ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಡಬ್ಬಿ ಮತ್ತು ಕೇಬಲ್ ಎರಡೂ ಒಂದೇ ಚೀಲದಲ್ಲಿದ್ದವು. ಚೀಲ ಯಾರ ಮನೆಗೆ ಹೋಗಬೇಕೆಂದು ಜಗಳಾಡುತ್ತಲೇ ಇಬ್ಬರೂ ಹಾನಗಲ್ಲಿನ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ನೀರಿನ ಟಾಕಿಯ ಹತ್ತಿರ ಕತ್ತರಿಸಿದ ವಾಯರಿನ ತುಂಡನ್ನು ಯಕ್ಕನ ಅಂಗೈಯಲ್ಲಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ, ಬ್ಯಾಟರಿಯ ವಿಷಯವನ್ನೂ ಬಿಡಲಿಲ್ಲ. ಮೊಗ್ಗು ಬಿಡಿಸಿ ನೋಡುವ ಕಣ್ಣು ಅವಳದು. ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟಕ್ಕ?"

"ಇಷ್ಟಕ್ಕ ಯಕ್ಕಾ."

"ಮತ್ತೆಲ್ಲೂ ಹಿಂಗ ಸವದಿಲ್ಲಂತ ಹೆಂಗ ಗೊತ್ತು?"

ಎಲ್ಲೂ ಸವೆದಿಲ್ಲ ಎಂದುಬಿಡುವುದು ಸುಲಭವಿತ್ತು. "ಎಲ್ಲಾ ಗೊತ್ತಿಲ್ಲ," ಎಂದೆ. "ಈ ವಾಯರ್ ಪೂರಾ ನೋಡೇವಿ. ಉಳದದ್ದು ಕೈಗೆ ಸಿಕ್ಕಷ್ಟು ನೋಡೇವಿ. ಅವತ್ತ ನಿಂತಿದ್ದು ಇದರಿಂದ. ಅದಷ್ಟು ನನ್ನ ಕಣ್ಣಿಲೆ ನೋಡೇನಿ."

ಅವಳು ವಾಯರಿನ ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಹಿಂದೆ ತಿರುಗಿ, "ನೀವೆಲ್ಲ ಏರಿ ಮಟಾ ನಡದ ಬರ್ರೆ. ನಾ ಒಬ್ಬಾಕಿ ಕುಂದರ್ತೇನಿ," ಎಂದಳು. ಮುಂದಿನ ಸೀಟಿನಲ್ಲಿ ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಏರಿಯ ಬುಡದಲ್ಲಿ ಉಳಿದವರು ಬರುವವರೆಗೆ ಕಾದೆವು. ಅವರು ರಸ್ತೆಯ ಬದಿಗೆ ಸಾಲಾಗಿ ನಿಂತು ನೋಡಿದರು. ನಾನು ಹತ್ತಿದೆ. ತಿರುವಿನಲ್ಲಿ ನನ್ನ ಎಡಗೈ ತಾನಾಗಿಯೇ ಹ್ಯಾಂಡ್‌ಬ್ರೇಕಿನ ಮೇಲೆ ಹೋಯಿತು. ಇವತ್ತಿಗೂ ಹೋಗುತ್ತದೆ. ಯಕ್ಕ ಕೆರೆಯ ಕಡೆ ನೋಡಲಿಲ್ಲ, ನನ್ನ ಕಾಲಿನ ಕಡೆ ನೋಡುತ್ತಿದ್ದಳು. ಮೇಲೆ ಮುಟ್ಟಿದೆವು.

"ಇನ್ನೊಮ್ಮೆ ಹತ್ತಸು," ಎಂದಳು.

ತಿರುಗಿಸಿಕೊಂಡು ಕೆಳಗಿಳಿದೆ. ಮತ್ತೆ ಹೊರಡಬೇಕೆನ್ನುವಷ್ಟರಲ್ಲಿ ಯಕ್ಕನ ಸೀಟಿನ ಹಿಂದಿನ ಬಾಗಿಲು ತೆರೆದ ಸದ್ದಾಯಿತು.

"ಯಾರದು? ನಡದ ಬರ್ರಿ ಅಂದೆನಿಲ್ಲ?" ಎಂದು ಯಕ್ಕ ಗದರಿದಳು.

"ನೀ ಇಲ್ಲೇ ಹತ್ತಕೋಂತ ಇಳಕೋಂತ ಕುಂದ್ರಬೇ," ಎಂದಳು ಅವತ್ತು ಕಾಲಿಗೆ ಫಿಲ್ಟರ್ ಬೇಡವೆಂದು ನಗಿಸಿದ್ದ ಹುಡುಗಿ, ಆಗಲೇ ಸೀಟಿನಲ್ಲಿ ಕುಳಿತು. "ಅಲ್ಲಿ ಹೂವು ಬಾಡಾಕತ್ತಾವು."

ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು ಹತ್ತಿದಳು. ಯಕ್ಕ ಬೇಡವೆನ್ನಲಿಲ್ಲ. ಬಾಗಿಲು ಸರಿಯಾಗಿ ಬಿದ್ದಿದೆಯೇ ಎಂದು ಹಿಂದೆ ಕೈ ಚಾಚಿ ಎಳೆದು ನೋಡಿದಳು. ಗಂಟೆ ಏಳೂ ಮುಕ್ಕಾಲು. ನಾನು ಮೊದಲನೆಯ ಗೇರ್ ಹಾಕಿದೆ.